ಟ್ರ್ಯಾಕ್ಟರಿಗೂ ನೇಗಿಲಿಗೂ ನಡುವೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಟ್ರ್ಯಾಕ್ಟರಿನ ಇತಿಹಾಸ ಮತ್ತು ಬಳಕೆಯ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ. ಒಂದೇ ವಿಷಯವನ್ನು ಕೇಳಿದ್ದ ಪತ್ರಗಳನ್ನು ಕೂಡಿಸಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಪ್ರಪಂಚದ ಮೊದಲ ಟ್ರ್ಯಾಕ್ಟರ್ ಯಾವುದು? ಒಂದೊಂದು ಕಡೆ ಒಂದೊಂದು ಹೆಸರು ಕಾಣುತ್ತದೆ.

ಯಾವ ಕೆಲಸ ಮಾಡಿದ ಯಂತ್ರವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಹೊಲದ ಕೆಲಸಕ್ಕೆ ಮೊದಲು ಬಂದದ್ದು ಉಗಿ ಎಂಜಿನ್. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ 1812ರಲ್ಲಿ ಒಕ್ಕಣೆ ಯಂತ್ರವನ್ನು ಓಡಿಸಲು ಉಗಿ ಎಂಜಿನ್ ಕೂರಿಸಿಕೊಟ್ಟರು. ಮುಂದೆ ಚಕ್ರಗಳ ಮೇಲೆ ಕೂರಿಸಿದ ಉಗಿ ಎಂಜಿನ್‌ಗಳು ಬಂದವಾದರೂ ಅವುಗಳನ್ನು ಒಂದು ಹೊಲದಿಂದ ಇನ್ನೊಂದಕ್ಕೆ ಎಳೆದೊಯ್ಯಲು ಕುದುರೆಗಳೇ ಬೇಕಾಗಿದ್ದವು. ಹತ್ತಾರು ಕುದುರೆಗಳ ಬಲವುಳ್ಳ ಯಂತ್ರವನ್ನು ಕುದುರೆ ಎಳೆಯುವುದು ಅಸಂಬದ್ಧವೆಂದು ಕಂಡ ಥಾಮಸ್ ಅವೆಲಿಂಗ್ 1859ರಲ್ಲಿ ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಸರಪಳಿ ಹಾಕಿ, ಅದು ತಾನಾಗಿ ಚಲಿಸುವಂತೆ ಮಾಡಿದರು.

ಚಲಿಸಿದ ಮಾತ್ರಕ್ಕೆ ಉಳುಮೆಗೆ ಒದಗಲಿಲ್ಲ. ಹಲವು ಟನ್ ತೂಕದ ಉಗಿಯಂತ್ರ ಹದವಾದ ಹೊಲಕ್ಕಿಳಿದರೆ ಹೂತುಹೋಗುತ್ತಿತ್ತು. ಜಾನ್ ಫೌಲರ್ ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಎಂಜಿನ್ನನ್ನು ಹೊಲದೊಳಗೆ ಇಳಿಸುವುದೇ ಬೇಡ, ಬದುವಿನ ಮೇಲೆ ನಿಲ್ಲಿಸಿ ಹಗ್ಗದಿಂದ ನೇಗಿಲನ್ನು ಮಾತ್ರ ಆಚೆಯಿಂದ ಈಚೆಗೆ ಎಳೆಯೋಣ ಎಂದು ಅವರು ಹೊರಟರು. ಉಗಿಯಿಂದ ಉಳುವ ವಿಧಾನಕ್ಕೆಂದು ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ ಇಟ್ಟಿದ್ದ 500 ಪೌಂಡ್ ಬಹುಮಾನ 1858ರಲ್ಲಿ ಅವರಿಗೆ ಸಂದಿತು. ನಂತರದ ದಿನಗಳಲ್ಲಿ ಹೊಲದ ಎರಡು ಅಂಚುಗಳಲ್ಲಿ ಎರಡು ಎಂಜಿನ್ ನಿಲ್ಲಿಸಿ, ನಡುವೆ ಉಕ್ಕಿನ ಹಗ್ಗದಲ್ಲಿ ನೇಗಿಲು ಓಡಾಡಿಸುವ ಪದ್ಧತಿ ದೊಡ್ಡ ಹಿಡುವಳಿಗಳಲ್ಲಿ ಬಹುಕಾಲ ನಡೆಯಿತು.

ಒಳದಹನ ಎಂಜಿನ್ನಿನ, ಮುಂದಕ್ಕೂ ಹಿಂದಕ್ಕೂ ಚಲಿಸಬಲ್ಲ ಯಂತ್ರವೇ ಟ್ರ್ಯಾಕ್ಟರ್ ಎನ್ನುವುದಾದರೆ ಗೌರವ ಅಮೆರಿಕದ ಅಯೋವಾದ ಜಾನ್ ಫ್ರೋಲಿಕ್ ಅವರಿಗೆ ಸಲ್ಲುತ್ತದೆ. 1892ರಲ್ಲಿ ಅವರು ಪೆಟ್ರೋಲ್ ಎಂಜಿನ್ನನ್ನು ಉಗಿಯಂತ್ರದ ಚೌಕಟ್ಟಿನ ಮೇಲೆ ಕೂರಿಸಿ, ಆ ಸುಗ್ಗಿಯಲ್ಲಿ ದಕ್ಷಿಣ ಡಕೋಟದಲ್ಲಿ ಒಕ್ಕಣೆ ನಡೆಸಿದರು. ಅನಂತರ ಸ್ಥಾಪನೆಯಾದ ಕಂಪನಿ ಇಂಥ ಎರಡು ಯಂತ್ರಗಳನ್ನು ಮಾರಿತು. ಕೊಂಡವರು ಎರಡನ್ನೂ ಹಿಂದಿರುಗಿಸಿದರು! ಅದೇ ಸಂಸ್ಥೆ ಮುಂದೆ ‘ವಾಟರ್ಲೂ ಬಾಯ್’ ಎಂಬ ಹೆಸರಿನ ಟ್ರ್ಯಾಕ್ಟರಿನಿಂದ ಗೆದ್ದು, 1918ರಲ್ಲಿ ಡೀರ್ ಕಂಪನಿಯ ಪಾಲಾಯಿತು. ಇಂಗ್ಲೆಂಡಿನ ಬಿಗಲ್ಸ್‌ವೇಡ್‌ನಲ್ಲಿ ಸೈಕಲ್ ತಯಾರಿಸುತ್ತಿದ್ದ ಡ್ಯಾನ್ ಆಲ್ಬೋನ್ 1902ರಲ್ಲಿ ಹೊರತಂದ ಮೂರು ಚಕ್ರದ ‘ಐವೆಲ್’ ಯಂತ್ರವನ್ನು ಅನೇಕರು ಮೊದಲ ಹಗುರ ಟ್ರ್ಯಾಕ್ಟರ್ ಎಂದು ಗುರುತಿಸುತ್ತಾರೆ. ಅದೇ ದಶಕದಲ್ಲಿ ಅಮೆರಿಕದ ಹಾರ್ಟ್ ಮತ್ತು ಪಾರ್ ಎಂಬ ಜೋಡಿ ಕಟ್ಟುತ್ತಿದ್ದ 30-60 ಮಾದರಿ ಒಂಬತ್ತು ಟನ್ನಿಗೂ ಹೆಚ್ಚು ತೂಗುತ್ತಿತ್ತು. ಮುಂದಿನ ದಾರಿಯನ್ನು ಮೊದಲೇ ಸರಿಯಾಗಿ ಊಹಿಸಿದವರು ಆಲ್ಬೋನ್ ಎಂದು ನಮಗೆ ತೋರುತ್ತದೆ. ಆದರೆ ಅವರು 1906ರಲ್ಲೇ ತೀರಿಕೊಂಡದ್ದರಿಂದ ಆ ಯಂತ್ರದ ಬೆಳವಣಿಗೆ ಅಲ್ಲಿಗೇ ನಿಂತಿತು.

ಪ್ರಶ್ನೆ: ಮೊದಲ ಕಾಲದ ಟ್ರ್ಯಾಕ್ಟರುಗಳು ಉಳುವಾಗ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುತ್ತಿದ್ದವಂತೆ. ಕಾರಣವೇನು? ಈಗ ಆ ಅಪಾಯ ತಪ್ಪಿದೆಯೇ?

ನೀವು ಕೇಳಿರುವುದು ನಿಜ. ಈ ವಿಷಯದಲ್ಲಿ ಹೆಚ್ಚು ಹೆಸರು ಕೆಟ್ಟದ್ದು 1917ರಲ್ಲಿ ತಯಾರಿಕೆ ಆರಂಭವಾದ ಫೋರ್ಡ್‌ಸನ್. ಅದೇ ಯಂತ್ರ ಟ್ರ್ಯಾಕ್ಟರನ್ನು ಸಾಮಾನ್ಯ ರೈತನ ಕೈಗೆಟುಕಿಸಿತು ಎಂಬುದನ್ನೂ ಹೇಳಬೇಕು. ಅದಕ್ಕೆ ಪ್ರತ್ಯೇಕ ಚೌಕಟ್ಟು ಇರಲಿಲ್ಲ. ಎಂಜಿನ್, ಗೇರ್ ಪೆಟ್ಟಿಗೆ, ಹಿಂದಿನ ಆಕ್ಸಲ್ ಇವುಗಳ ಎರಕದ ಕವಚಗಳನ್ನೇ ಬೋಲ್ಟ್‌ಗಳಿಂದ ಬಿಗಿದು ಟ್ರ್ಯಾಕ್ಟರಿನ ಬೆನ್ನೆಲುಬು ಮಾಡಲಾಗಿತ್ತು. ತೂಕ ಇಳಿಯಿತು, ಖರ್ಚೂ ಇಳಿಯಿತು. 1918ರಲ್ಲಿ 750 ಡಾಲರ್ ಇದ್ದ ಬೆಲೆಯನ್ನು ಹೆನ್ರಿ ಫೋರ್ಡ್ 1922ರಲ್ಲಿ 395 ಡಾಲರಿಗೆ ತಂದು ನಿಲ್ಲಿಸಿದಾಗ ಪ್ರತಿಸ್ಪರ್ಧಿ ಕಂಪನಿಗಳು ಹಲವು ಬಾಗಿಲು ಹಾಕಿದವು.

ತೂಕ ಕಡಿಮೆಯಿದ್ದ ಈ ಟ್ರ್ಯಾಕ್ಟರಿನ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡಾಗ ಏನಾಗುತ್ತಿತ್ತು ಎಂಬುದನ್ನು ನೋಡೋಣ. ಎಂಜಿನ್ ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸಲು ತಿಣುಕುತ್ತದೆ. ಚಕ್ರ ತಿರುಗಲಾರದೆ ನೆಲವನ್ನು ಕಚ್ಚಿ ನಿಂತರೆ ಅದೇ ಬಲ ಟ್ರ್ಯಾಕ್ಟರಿನ ಒಡಲನ್ನು ಆಕ್ಸಲ್ಲಿನ ಸುತ್ತ ಹಿಂದಕ್ಕೆ ತಿರುಗಿಸುತ್ತದೆ, ಅಂದರೆ ಮೂತಿ ಮೇಲೇಳುತ್ತದೆ. ಎಳೆತದ ಕೊಂಡಿಯನ್ನು ಆಕ್ಸಲ್ಲಿಗಿಂತ ಎತ್ತರದಲ್ಲಿ ಕಟ್ಟಿದ್ದರಂತೂ ಎಳೆತವೇ ಮಗುಚುವಿಕೆಗೆ ನೆರವಾಗುತ್ತದೆ. ಮೂತಿ ಎದ್ದದ್ದು ತಿಳಿದು ಕ್ಲಚ್ ತುಳಿಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತಿತ್ತು.

ಇದಕ್ಕೆ ನಿಜವಾದ ಪರಿಹಾರ ಕೊಟ್ಟವರು ಐರ್ಲೆಂಡಿನ ಉತ್ತರ ಭಾಗದ ರೈತ ಕುಟುಂಬದಲ್ಲಿ ಹುಟ್ಟಿದ ಹ್ಯಾರಿ ಫರ್ಗುಸನ್. (ತಾನೇ ಕಟ್ಟಿದ ವಿಮಾನವನ್ನು 1909ರಲ್ಲಿ ಹಾರಿಸಿ, ಐರ್ಲೆಂಡಿನಲ್ಲಿ ಮೊದಲು ಹಾರಿದವರೆನಿಸಿಕೊಂಡವರೂ ಇವರೇ.) ನೇಗಿಲನ್ನು ಸರಪಳಿಯಲ್ಲಿ ಕಟ್ಟಿ ಎಳೆಯುವುದೇ ತಪ್ಪು, ಅದು ಟ್ರ್ಯಾಕ್ಟರಿನ ಅಂಗವೇ ಆಗಬೇಕು ಎಂಬುದು ಅವರ ವಾದ. ಕೆಳಗೆ ಎರಡು ತೋಳು, ಮೇಲೆ ಒಂದು ತೋಳು, ಹೀಗೆ ಮೂರು ಬಿಂದುಗಳಲ್ಲಿ ಉಪಕರಣವನ್ನು ಜೋಡಿಸಿ, ಕೆಳಗಿನ ತೋಳುಗಳನ್ನು ಹೈಡ್ರಾಲಿಕ್ ಲಿಫ್ಟಿನಿಂದ (ಎಣ್ಣೆಯ ಒತ್ತಡದಿಂದ ಎತ್ತುವ ಸಾಧನದಿಂದ) ಏರಿಳಿಸುವ ವ್ಯವಸ್ಥೆಯನ್ನು ಅವರು 1920ರ ದಶಕದಲ್ಲಿ ರೂಪಿಸಿದರು. ಉಳುವಾಗ ನೇಗಿಲಿನ ಮೇಲ್ಭಾಗ ಮುಂದಕ್ಕೆ ವಾಲಲು ನೋಡುತ್ತದೆ. ಆಗ ಮೇಲಿನ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ. ಹಾಗಾಗಿ ನೇಗಿಲು ಸಿಕ್ಕಿಕೊಂಡಾಗ ಮೂತಿ ಏಳುವ ಬದಲು ನೆಲದ ಕಡೆಗೆ ಒತ್ತಿಕೊಳ್ಳುತ್ತದೆ.

ಇನ್ನೂ ಜಾಣತನದ ಸಂಗತಿಯೆಂದರೆ, ಮೇಲಿನ ತೋಳಿನ ಈ ಒತ್ತಡವನ್ನು ಒಂದು ಸ್ಪ್ರಿಂಗಿನ ಮೂಲಕ ಹೈಡ್ರಾಲಿಕ್ ಕವಾಟಕ್ಕೆ ತಿಳಿಸಿದ್ದು. ನೇಗಿಲು ಗಟ್ಟಿ ನೆಲಕ್ಕೆ ಬಂದು ಎಳೆತ ಹೆಚ್ಚಿದರೆ ಲಿಫ್ಟ್ ತಾನಾಗಿ ಕೊಂಚ ಏರುತ್ತದೆ. ಎಳೆತ ತಗ್ಗಿದರೆ ಮತ್ತೆ ಇಳಿಯುತ್ತದೆ. ಜೊತೆಗೆ ನೇಗಿಲಿನ ತೂಕವೂ ಅದರ ಮೇಲೆ ಮಣ್ಣು ಹಾಕುವ ಭಾರವೂ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ, ಹಗುರ ಟ್ರ್ಯಾಕ್ಟರಿಗೂ ಭಾರದ ಟ್ರ್ಯಾಕ್ಟರಿನ ಹಿಡಿತ ಸಿಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಟ್ರ್ಯಾಕ್ಟರಿನ ಇತಿಹಾಸದ ಅತಿ ದೊಡ್ಡ ಹೆಜ್ಜೆ ಯಾವುದೇ ಎಂಜಿನ್ ಅಲ್ಲ, ಈ ಜೋಡಣೆ.

ಈ ವ್ಯವಸ್ಥೆಯ ಟ್ರ್ಯಾಕ್ಟರನ್ನು ಮೊದಲು 1936ರಲ್ಲಿ ಡೇವಿಡ್ ಬ್ರೌನ್ ಕಂಪನಿ ತಯಾರಿಸಿತು. 1938ರಲ್ಲಿ ಫರ್ಗುಸನ್ ಮತ್ತು ಹೆನ್ರಿ ಫೋರ್ಡ್ ಕಾಗದ ಪತ್ರವಿಲ್ಲದೆ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಮರುವರ್ಷ ಫೋರ್ಡ್ 9ಎನ್ ಹೊರಬಂತು. ಹೆನ್ರಿ ಫೋರ್ಡ್ ಅವರ ಮೊಮ್ಮಗನ ಆಡಳಿತದಲ್ಲಿ ಒಪ್ಪಂದ ಮುರಿದುಬಿದ್ದು, ಕೋರ್ಟಿಗೆ ಹೋದ ವ್ಯಾಜ್ಯ 1952ರಲ್ಲಿ ಫರ್ಗುಸನ್ನರಿಗೆ 92.5 ಲಕ್ಷ ಡಾಲರ್ ಕೊಡುವ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಅವರ ಸ್ವಂತ ಟಿಇ-20 ಟ್ರ್ಯಾಕ್ಟರ್ ಇಂಗ್ಲೆಂಡಿನ ಕವೆಂಟ್ರಿಯಿಂದ ಹೊರಬರುತ್ತಿತ್ತು. ಒಟ್ಟು 5 ಲಕ್ಷಕ್ಕೂ ಹೆಚ್ಚು ತಯಾರಾದವು. ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ತಲುಪಿದ್ದು ಪಟ್ಟಿಗಾಲಿ ತೊಡಿಸಿದ ಇವೇ ಟ್ರ್ಯಾಕ್ಟರುಗಳಲ್ಲಿ.

ಅಪಾಯ ಪೂರ್ತಿ ತಪ್ಪಿದೆಯೇ ಎಂದರೆ, ಇಲ್ಲ. ಇಳಿಜಾರಿನಲ್ಲಿ, ಕಾಲುವೆಯ ಅಂಚಿನಲ್ಲಿ, ವೇಗದ ತಿರುವಿನಲ್ಲಿ ಟ್ರ್ಯಾಕ್ಟರ್ ಪಕ್ಕಕ್ಕೆ ಮಗುಚುವುದು ಇಂದಿಗೂ ಸಾವಿಗೆ ದೊಡ್ಡ ಕಾರಣ. ಚಾಲಕನ ಸುತ್ತ ರಕ್ಷಣಾ ಚೌಕಟ್ಟು ಇರಲೇಬೇಕೆಂದು ಸ್ವೀಡನ್ 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ನಿಯಮ ಮಾಡಿತು. ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಗಣನೀಯವಾಗಿ ಇಳಿದದ್ದನ್ನು ಕಂಡು ಬೇರೆ ದೇಶಗಳೂ ಅನುಸರಿಸಿದವು. ಚೌಕಟ್ಟು ಇರುವ ಟ್ರ್ಯಾಕ್ಟರಿನಲ್ಲಿ ಸೀಟ್ ಬೆಲ್ಟ್ ಕಟ್ಟಲೇಬೇಕು, ಇಲ್ಲವಾದರೆ ಚಾಲಕ ಹೊರಕ್ಕೆ ಎಸೆಯಲ್ಪಟ್ಟು ಆ ಚೌಕಟ್ಟಿನ ಅಡಿಗೇ ಸಿಕ್ಕಬಹುದು. ಚೌಕಟ್ಟು ಇಲ್ಲದ ಹಳೆಯ ಟ್ರ್ಯಾಕ್ಟರಿನಲ್ಲಿ ಮಾತ್ರ ಬೆಲ್ಟ್ ಕಟ್ಟಬಾರದು.

ಪ್ರಶ್ನೆ: ಹಿಂದಿನ ಚಕ್ರ ಅಷ್ಟು ದೊಡ್ಡದು, ಮುಂದಿನದು ಚಿಕ್ಕದು ಏಕೆ? ಹಿಂದಿನ ಟೈರಿಗೆ ನೀರು ತುಂಬಿಸುವುದು ಸರಿಯೇ?

ಎಳೆಯುವ ಕೆಲಸ ಹಿಂದಿನ ಚಕ್ರದ್ದು. ಚಕ್ರ ದೊಡ್ಡದಾದಷ್ಟೂ ಅದು ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಭಾರ ಹರಡಿಕೊಳ್ಳುತ್ತದೆ, ಸಡಿಲ ಮಣ್ಣಿನಲ್ಲಿ ಹೂಳುವುದು ತಗ್ಗುತ್ತದೆ. ಮುಂದಿನ ಚಕ್ರಕ್ಕೆ ದಿಕ್ಕು ತೋರಿಸುವ ಕೆಲಸವಷ್ಟೇ ಇದ್ದಾಗ ಅದು ಚಿಕ್ಕದಾಗಿದ್ದರೆ ಕಿರಿದಾದ ಜಾಗದಲ್ಲಿ ತಿರುಗಿಸಲು ಅನುಕೂಲ. ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರ ಸ್ವಲ್ಪ ದೊಡ್ಡದಿರುತ್ತದೆ ಮತ್ತು ಹಿಂದಿನದಕ್ಕಿಂತ ತುಸು ಮುಂದೋಡುವಂತೆ ಗೇರಿನ ಲೆಕ್ಕ ಮಾಡಿರುತ್ತಾರೆ. ಆದ್ದರಿಂದಲೇ ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರದ ಚಾಲನೆಯನ್ನು ಹಾಕಿಕೊಂಡು ಓಡಿಸಿದರೆ ಮುಂದಿನ ಟೈರುಗಳು ಬೇಗ ಸವೆಯುತ್ತವೆ.

ರಬ್ಬರ್ ಟೈರು ಬಂದದ್ದು ಬಹಳ ತಡವಾಗಿ. ಅದಕ್ಕೆ ಮೊದಲು ಚೂಪು ಹಲ್ಲುಗಳ ಕಬ್ಬಿಣದ ಚಕ್ರಗಳಿದ್ದವು. ಅವು ಮಣ್ಣನ್ನು ಚೆನ್ನಾಗಿ ಕಚ್ಚುತ್ತಿದ್ದರೂ ಡಾಂಬರು ರಸ್ತೆಯನ್ನು ಹಾಳುಮಾಡುತ್ತಿದ್ದವು, ಚಾಲಕನ ಎಲುಬುಗಳನ್ನೂ ಅಲುಗಾಡಿಸುತ್ತಿದ್ದವು. 1932ರಲ್ಲಿ ಆಲಿಸ್-ಚಾಮರ್ಸ್ ಕಂಪನಿ ಗಾಳಿ ತುಂಬಿದ ಟೈರಿನ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಾಗ ರೈತರು ನಂಬಲಿಲ್ಲ. ಕಂಪನಿ ಕಾರು ರೇಸಿನ ಚಾಲಕರನ್ನು ಕರೆಸಿ, ವಿಶೇಷ ಗೇರು ಜೋಡಿಸಿದ ಟ್ರ್ಯಾಕ್ಟರುಗಳ ಪಂದ್ಯ ಏರ್ಪಡಿಸಿತು. 1933ರಲ್ಲಿ ಬಾರ್ನಿ ಓಲ್ಡ್‌ಫೀಲ್ಡ್ ಗಂಟೆಗೆ 100 ಕಿ.ಮೀ. ಮೀರಿ ಓಡಿಸಿ ತೋರಿಸಿದರು. ಉಳುಮೆಗೂ ಆ ವೇಗಕ್ಕೂ ಸಂಬಂಧವೇನೂ ಇರಲಿಲ್ಲ, ಆದರೆ ಪ್ರಚಾರ ಫಲಿಸಿತು.

ಟೈರಿನಲ್ಲಿ ನೀರು ತುಂಬುವುದು ಹಿಡಿತ ಹೆಚ್ಚಿಸುವ ಹಳೆಯ, ಅಗ್ಗದ ಮಾರ್ಗ. ಸಾಮಾನ್ಯವಾಗಿ ಟೈರಿನ ಮುಕ್ಕಾಲು ಭಾಗದವರೆಗೆ ತುಂಬುತ್ತಾರೆ. ಬೇಕೋ ಬೇಡವೋ ಎಂಬುದನ್ನು ಹೊಲದಲ್ಲೇ ಅಳೆದು ತಿಳಿಯಬಹುದು. ಹಿಂದಿನ ಟೈರಿನ ಮೇಲೆ ಸುಣ್ಣದಿಂದ ಒಂದು ಗುರುತು ಮಾಡಿ, ನೇಗಿಲನ್ನು ಎತ್ತಿಕೊಂಡು ಚಕ್ರ ಹತ್ತು ಸುತ್ತು ತಿರುಗುವಷ್ಟು ದೂರ ಹೋಗಿ, ಆ ದೂರವನ್ನು ಅಳೆಯಿರಿ. ನಂತರ ನೇಗಿಲನ್ನು ಇಳಿಸಿ ಉಳುತ್ತಾ ಮತ್ತೆ ಹತ್ತು ಸುತ್ತಿನ ದೂರ ಅಳೆಯಿರಿ. ಮೊದಲನೆಯದು 40 ಮೀಟರ್, ಎರಡನೆಯದು 35 ಮೀಟರ್ ಬಂದರೆ ಚಕ್ರ ಶೇ. 12.5ರಷ್ಟು ಜಾರುತ್ತಿದೆ ಎಂದರ್ಥ. ಶೇ. 8ರಿಂದ 15ರವರೆಗಿನ ಜಾರುವಿಕೆ ಸಹಜ. ಅದಕ್ಕಿಂತ ಹೆಚ್ಚಾದರೆ ಡೀಸೆಲ್ಲೂ ಟೈರೂ ವ್ಯರ್ಥ, ಭಾರ ಸೇರಿಸಬೇಕು. ತೀರಾ ಕಡಿಮೆಯಿದ್ದರೆ ಅನಗತ್ಯ ಭಾರವನ್ನು ಹೊತ್ತು ತಿರುಗುತ್ತಿದ್ದೀರಿ.

ಪ್ರಶ್ನೆ: ಹಳೆಯ ಟ್ರ್ಯಾಕ್ಟರುಗಳು ಸೀಮೆಎಣ್ಣೆಯಲ್ಲಿ ಓಡುತ್ತಿದ್ದವೇ?

ಹೌದು. ಪೆಟ್ರೋಲಿನಲ್ಲಿ ಶುರುಮಾಡಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸುವುದು ವಾಡಿಕೆಯಾಗಿತ್ತು. ಜರ್ಮನಿಯಲ್ಲಿ 1921ರಲ್ಲಿ ಬಂದ ಲಾಂಜ್ ಬುಲ್‌ಡಾಗ್ ಇನ್ನೂ ಅಗ್ಗದ, ಮಂದ ಎಣ್ಣೆಗಳಲ್ಲಿ ಓಡುತ್ತಿತ್ತು. ಅದನ್ನು ಶುರುಮಾಡಲು ಎಂಜಿನ್ನಿನ ತಲೆಯನ್ನು ಬ್ಲೋಲ್ಯಾಂಪಿನಿಂದ ಕಾಯಿಸಿ, ಸ್ಟಿಯರಿಂಗನ್ನೇ ಕಿತ್ತು ಪಕ್ಕದ ಫ್ಲೈವೀಲಿಗೆ ಸಿಕ್ಕಿಸಿ ತಿರುಗಿಸಬೇಕಾಗಿತ್ತು. ಡೀಸೆಲ್ ಟ್ರ್ಯಾಕ್ಟರುಗಳು 1920ರ ದಶಕದಲ್ಲಿ ಜರ್ಮನಿಯಲ್ಲಿ ಕಾಣಿಸಿಕೊಂಡರೂ ಎಲ್ಲೆಡೆ ಹರಡಿದ್ದು ಎರಡನೇ ಮಹಾಯುದ್ಧದ ನಂತರ.

ಪ್ರಶ್ನೆ: ಪಿ.ಟಿ.ಒ. ಶಾಫ್ಟಿನ ಮೇಲೆ 540 ಎಂದು ಬರೆದಿರುತ್ತದೆ. ಆ ಸಂಖ್ಯೆಯ ಅರ್ಥವೇನು?

ಪಿ.ಟಿ.ಒ. (ಪವರ್ ಟೇಕ್-ಆಫ್) ಎಂದರೆ ಎಂಜಿನ್ನಿನ ಬಲವನ್ನು ಟ್ರ್ಯಾಕ್ಟರಿಗೆ ಜೋಡಿಸಿದ ಯಂತ್ರಕ್ಕೆ ಕೊಡುವ, ತಿರುಗುವ ದಂಡ. ಆ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗಬೇಕು ಎಂದರ್ಥ. ಈ ಸಂಖ್ಯೆಯ ಹಿಂದೆ ಒಂದು ಒಳ್ಳೆಯ ಒಡಂಬಡಿಕೆಯ ಕಥೆಯಿದೆ. ಮೊದಲು ಕೊಯ್ಲಿನ ಯಂತ್ರಗಳು ತಮ್ಮದೇ ಚಕ್ರ ನೆಲದಲ್ಲಿ ಉರುಳುವುದರಿಂದ ಬಲ ಪಡೆಯುತ್ತಿದ್ದವು. ನೆಲ ಒದ್ದೆಯಾಗಿ ಚಕ್ರ ಜಾರಿದರೆ ಕತ್ತರಿಸುವ ಅಲಗೂ ನಿಲ್ಲುತ್ತಿತ್ತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1918ರ ಹೊತ್ತಿಗೆ ತನ್ನ 8-16 ಮಾದರಿಯಲ್ಲಿ ಎಂಜಿನ್ನಿನ ಬಲವನ್ನು ನೇರವಾಗಿ ಹಿಂದಿನ ಯಂತ್ರಕ್ಕೆ ಕೊಡುವ ಶಾಫ್ಟನ್ನು ಒದಗಿಸಿತು. 1920ರ ದಶಕದ ಕೊನೆಗೆ ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘ ಶಾಫ್ಟಿನ ವೇಗ, ಗಾತ್ರ, ಸ್ಥಾನಗಳಿಗೆ ಒಂದೇ ಅಳತೆ ಗೊತ್ತುಮಾಡಿತು. ಹಾಗಾಗಿಯೇ ಇಂದು ಯಾವ ಕಂಪನಿಯ ರೋಟವೇಟರಾದರೂ, ಒಕ್ಕಣೆ ಯಂತ್ರವಾದರೂ, ಪಂಪಾದರೂ ಬೇರೊಂದು ಕಂಪನಿಯ ಟ್ರ್ಯಾಕ್ಟರಿಗೆ ಹೊಂದುತ್ತದೆ. ದೊಡ್ಡ ಟ್ರ್ಯಾಕ್ಟರುಗಳಿಗೆ ನಂತರ 1000 ಸುತ್ತಿನ ಅಳತೆಯೂ ಬಂತು.

540 ಸುತ್ತೆಂದರೆ ಸೆಕೆಂಡಿಗೆ 9 ಸುತ್ತು. ಶಾಫ್ಟಿನ ದಪ್ಪ ಏಳು ಸೆಂಟಿಮೀಟರ್ ಇದ್ದರೆ ಒಂದು ಸೆಕೆಂಡಿನಲ್ಲಿ ಸುಮಾರು ಎರಡು ಮೀಟರ್ ಬಟ್ಟೆ ಅದಕ್ಕೆ ಸುತ್ತಿಕೊಳ್ಳುತ್ತದೆ. ಟವೆಲ್, ಸೆರಗು, ಸಡಿಲ ತೋಳು ಸಿಕ್ಕಿದ ಮೇಲೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯನ್ನು ಅಡ್ಡಿಯೆಂದು ಕಿತ್ತೆಸೆಯುವವರು, ತಿರುಗುವ ಶಾಫ್ಟನ್ನು ದಾಟಿ ಹೋಗುವವರು ಈ ಲೆಕ್ಕವನ್ನು ನೆನಪಿಡಲಿ.

ಪ್ರಶ್ನೆ: ಇಬ್ಬರ ಟ್ರ್ಯಾಕ್ಟರುಗಳೂ 50 ಎಚ್‌.ಪಿ., ಆದರೆ ಒಂದು ಸಲೀಸಾಗಿ ಎಳೆಯುವ ನೇಗಿಲನ್ನು ಇನ್ನೊಂದು ಎಳೆಯುವುದಿಲ್ಲ. ಇದು ಮೋಸವೇ?

ಮೋಸವೆಂದು ತೀರ್ಮಾನಿಸುವ ಮುನ್ನ ಯಾವ ಎಚ್‌.ಪಿ. ಎಂದು ಕೇಳಬೇಕು. ಜಾಹೀರಾತಿನಲ್ಲಿ ಹೇಳುವುದು ಹೆಚ್ಚಾಗಿ ಎಂಜಿನ್ನಿನ ಶಕ್ತಿ. ಪಿ.ಟಿ.ಒ.ಗೆ ತಲುಪುವಷ್ಟರಲ್ಲಿ ಅದು ಹತ್ತು ಹದಿನೈದು ಶೇಕಡಾ ಇಳಿದಿರುತ್ತದೆ. ಕೊಂಡಿಯಲ್ಲಿ ಎಳೆಯಲು ಸಿಗುವ ಶಕ್ತಿ ಇನ್ನೂ ಕಡಿಮೆ, ಸಡಿಲ ಮಣ್ಣಿನಲ್ಲಿ ಅರ್ಧದಷ್ಟಕ್ಕೂ ಇಳಿಯಬಹುದು. ಹಳೆಯ ತಯಾರಕರು ಈ ವಿಷಯದಲ್ಲಿ ಈಗಿನವರಿಗಿಂತ ಪ್ರಾಮಾಣಿಕರಾಗಿದ್ದರೆನ್ನಬೇಕು. 12-25 ಎಂಬಂಥ ಹೆಸರಿನಲ್ಲಿ ಮೊದಲ ಸಂಖ್ಯೆ ಕೊಂಡಿಯಲ್ಲಿ ಎಳೆಯುವ ಶಕ್ತಿ, ಎರಡನೆಯದು ಬೆಲ್ಟಿನಲ್ಲಿ ಯಂತ್ರ ಓಡಿಸುವ ಶಕ್ತಿ.

ಆ ಸಂಖ್ಯೆಗಳೂ ಎಲ್ಲ ಕಂಪನಿಗಳಲ್ಲಿ ನಿಜವಾಗಿರಲಿಲ್ಲ. ಕೊಂಡ ಟ್ರ್ಯಾಕ್ಟರಿನಿಂದ ಕೈಸುಟ್ಟುಕೊಂಡ ನೆಬ್ರಾಸ್ಕಾದ ರೈತ ವಿಲ್ಮಾಟ್ ಕ್ರೋಜಿಯರ್ ಶಾಸಕರಾದ ಮೇಲೆ, ವಿಶ್ವವಿದ್ಯಾಲಯದ ಪರೀಕ್ಷೆಗೆ ಒಳಪಡದ ಮಾದರಿಯನ್ನು ರಾಜ್ಯದಲ್ಲಿ ಮಾರುವಂತಿಲ್ಲ ಎಂಬ ಕಾನೂನು 1919ರಲ್ಲಿ ಜಾರಿಯಾಗಲು ಕಾರಣರಾದರು. 1920ರಲ್ಲಿ ಮೊದಲು ಪರೀಕ್ಷೆ ಮುಗಿಸಿದ್ದು ವಾಟರ್ಲೂ ಬಾಯ್. ನೀವು ಕೊಳ್ಳುವಾಗ ಪರೀಕ್ಷಾ ವರದಿಯನ್ನು ಕೇಳಿ ಪಡೆದು, ಪಿ.ಟಿ.ಒ. ಮತ್ತು ಕೊಂಡಿಯ ಅಂಕಿಗಳನ್ನೂ ಟ್ರ್ಯಾಕ್ಟರಿನ ತೂಕವನ್ನೂ ಹೋಲಿಸಿ ನೋಡುವುದು ಮೇಲು. ನೀವು ಕೇಳಿದ ಎರಡು ಟ್ರ್ಯಾಕ್ಟರುಗಳ ನಡುವಿನ ಅಂತರಕ್ಕೆ ತೂಕ ಮತ್ತು ಟೈರುಗಳೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಎಡ ಬಲಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಏಕೆ?

ಸಾಲಿನ ಕೊನೆಯಲ್ಲಿ ಒಂದೇ ಬದಿಯ ಚಕ್ರವನ್ನು ತಡೆದು ಚಿಕ್ಕ ಜಾಗದಲ್ಲಿ ತಿರುಗಿಸಲು. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸಲೇಬೇಕು, ವೇಗದಲ್ಲಿ ಒಂದೇ ಬ್ರೇಕ್ ತುಳಿದರೆ ಟ್ರ್ಯಾಕ್ಟರ್ ಮಗುಚುವುದು ಖಚಿತವೆಂದೇ ತಿಳಿಯಿರಿ.

ಪ್ರಶ್ನೆ: ಟ್ರ್ಯಾಕ್ಟರ್ ಓಡಾಡಿ ಮಣ್ಣು ಗಟ್ಟಿಯಾಗುತ್ತದೆ ಎಂಬ ದೂರು ಎಷ್ಟು ನಿಜ?

ಬಹಳ ಮಟ್ಟಿಗೆ ನಿಜ, ಆದರೆ ತಪ್ಪು ಯಂತ್ರದ್ದಕ್ಕಿಂತ ಹೊತ್ತು ನೋಡದೆ ಹೊಲಕ್ಕಿಳಿಸಿದವರದು. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗ ಚಕ್ರದ ಭಾರಕ್ಕೆ ಕುಸಿದರೆ ಬೇರು ಇಳಿಯುವುದಿಲ್ಲ, ನೀರೂ ಇಂಗುವುದಿಲ್ಲ. ಮೇಲ್ಪದರ ಎಷ್ಟು ಅದುಮಿಕೊಳ್ಳುತ್ತದೆ ಎಂಬುದು ಮುಖ್ಯವಾಗಿ ಟೈರಿನ ಗಾಳಿಯ ಒತ್ತಡವನ್ನು ಅವಲಂಬಿಸಿದರೆ, ಹಾನಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಆಕ್ಸಲ್ಲಿನ ಮೇಲಿನ ಒಟ್ಟು ಭಾರ ನಿರ್ಧರಿಸುತ್ತದೆ. ಮೇಲಿನದು ಮುಂದಿನ ಉಳುಮೆಯಲ್ಲಿ ಸರಿಹೋಗಬಹುದು, ಆಳದ ಗಟ್ಟಿ ಪದರ ವರ್ಷಗಟ್ಟಲೆ ಉಳಿಯುತ್ತದೆ. ಹಾನಿಯ ದೊಡ್ಡ ಪಾಲು ಮೊದಲ ಸಲ ಚಕ್ರ ಹಾಯ್ದಾಗಲೇ ಆಗಿಬಿಡುವುದರಿಂದ, ಹೊಲದ ತುಂಬ ಎಲ್ಲೆಂದರಲ್ಲಿ ಓಡಾಡುವ ಬದಲು ಪ್ರತಿ ಸಲವೂ ಅದೇ ಜಾಡಿನಲ್ಲಿ ಹೋಗುವುದು ಲೇಸು. ಉಳುವ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆದು ನೋಡಿ. ಅದು ಬತ್ತಿಯಂತೆ ಉದ್ದಕ್ಕೆ ಬಂದರೆ ಹೊಲ ಇನ್ನೂ ಒದ್ದೆಯಾಗಿದೆ, ಪುಡಿಯಾಗಿ ಉದುರಿದರೆ ಹದ ಬಂದಿದೆ.

ಪ್ರಶ್ನೆ: ಟ್ರ್ಯಾಕ್ಟರ್ ಬಂದ ಮೇಲೆ ದುಡಿಯುವ ಪ್ರಾಣಿಗಳು ಎಷ್ಟು ಬೇಗ ಮಾಯವಾದವು?

ನಾವು ಊಹಿಸುವಷ್ಟು ಬೇಗ ಅಲ್ಲ. ಅಮೆರಿಕದಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ ಸುಮಾರು 2.6 ಕೋಟಿ ಕುದುರೆ ಮತ್ತು ಹೇಸರಗತ್ತೆಗಳಿದ್ದವು. 1960ರ ವೇಳೆಗೆ ಅವು ಸುಮಾರು 30 ಲಕ್ಷಕ್ಕೆ ಇಳಿದವು. ಹೊಲಗಳಲ್ಲಿ ಟ್ರ್ಯಾಕ್ಟರುಗಳ ಸಂಖ್ಯೆ ಈ ಪ್ರಾಣಿಗಳ ಸಂಖ್ಯೆಯನ್ನು ಮೀರಿದ್ದು 1954ರಲ್ಲಿ, ಅಂದರೆ ಫ್ರೋಲಿಕ್ ಯಂತ್ರ ಬಂದು ಅರವತ್ತೆರಡು ವರ್ಷಗಳ ನಂತರ. ಉಳುಮೆಯಲ್ಲಿ ಟ್ರ್ಯಾಕ್ಟರ್ ಬೇಗ ಗೆದ್ದರೂ, ಬೆಳೆದ ಸಾಲುಗಳ ನಡುವೆ ಕಳೆ ತೆಗೆಯುವ ಕೆಲಸ ಬಹುಕಾಲ ಕುದುರೆಯದೇ ಆಗಿತ್ತು. ಎತ್ತರದ ಆಕ್ಸಲ್, ಕಿರಿದಾದ ಮೂತಿಯ ಫಾರ್ಮಾಲ್ ಟ್ರ್ಯಾಕ್ಟರ್ 1924ರಲ್ಲಿ ಬಂದ ಮೇಲೆ ಆ ಕೆಲಸವೂ ಕೈತಪ್ಪಿತು. ಮೇವಿಗೆಂದು ಮೀಸಲಿಟ್ಟಿದ್ದ ವಿಶಾಲ ಭೂಮಿ ಮನುಷ್ಯರ ಆಹಾರಕ್ಕೆ ಒದಗಿತು. ಅದರ ಜೊತೆಗೆ ಮನೆಯಲ್ಲೇ ಬೆಳೆಯುತ್ತಿದ್ದ ‘ಇಂಧನ’ವನ್ನು ರೈತ ಹಣ ಕೊಟ್ಟು ಕೊಳ್ಳುವಂತೆಯೂ ಆಯಿತು.

ಪ್ರಶ್ನೆ: ಬ್ಯಾಟರಿ ಟ್ರ್ಯಾಕ್ಟರ್, ಚಾಲಕನಿಲ್ಲದ ಟ್ರ್ಯಾಕ್ಟರ್ ಇವುಗಳನ್ನು ನಂಬಬಹುದೇ?

ಬ್ಯಾಟರಿಯ ಲೆಕ್ಕವನ್ನು ನೀವೇ ಮಾಡಬಹುದು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿಯಿದ್ದು, ಅದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಎಂಜಿನ್ ಕೆಲಸಕ್ಕೆ ತಿರುಗಿಸುತ್ತದೆ ಎಂದಿಟ್ಟುಕೊಂಡರೂ, 60 ಲೀಟರಿನ ಟ್ಯಾಂಕಿನಿಂದ 200 ಯೂನಿಟ್ ಕೆಲಸ ಸಿಗುತ್ತದೆ. ಅಷ್ಟನ್ನು ಕೂಡಿಡುವ ಬ್ಯಾಟರಿ ಒಂದು ಟನ್ನಿಗೂ ಹೆಚ್ಚು ತೂಗುತ್ತದೆ. ದಿನವಿಡೀ ಆಳವಾಗಿ ಉಳುವ ಕೆಲಸಕ್ಕೆ ಇದು ಸದ್ಯಕ್ಕೆ ಹೊಂದದು. ಹಸಿರುಮನೆ, ತೋಟದ ಔಷಧ ಸಿಂಪಡಣೆ, ಕೊಟ್ಟಿಗೆಯ ಕೆಲಸ ಇಂಥವು ಬಿಡುವು ಬಿಡುವಾಗಿ ನಡೆಯುವುದರಿಂದ ಅಲ್ಲಿ ಹೊಗೆ ಮತ್ತು ಸದ್ದಿಲ್ಲದ ಯಂತ್ರ ನಿಜಕ್ಕೂ ಉಪಯುಕ್ತ.

ಉಪಗ್ರಹದ ಸಂಕೇತ ಹಿಡಿದು ತಾನೇ ನೇರ ಸಾಲು ಹೊಡೆಯುವ ಟ್ರ್ಯಾಕ್ಟರುಗಳು ದೊಡ್ಡ ಹೊಲಗಳಲ್ಲಿ ಎಂದೋ ರೂಢಿಯಾಗಿವೆ. ಹತ್ತಿರದ ನೆಲೆಯಿಂದ ತಿದ್ದುಪಡಿ ಸಂಕೇತ ಸಿಕ್ಕರೆ ಎರಡು ಮೂರು ಸೆಂಟಿಮೀಟರಿಗಿಂತ ಆಚೀಚೆ ಹೋಗುವುದಿಲ್ಲ. ಸೀಟಿನಲ್ಲಿ ಯಾರೂ ಇಲ್ಲದೆ ಉಳುವ ಯಂತ್ರವನ್ನು ಜಾನ್ ಡೀರ್ 2022ರಲ್ಲಿ ಪ್ರದರ್ಶಿಸಿತು. ದಾರಿ ಹಿಡಿಯುವುದು ಇಲ್ಲಿ ದೊಡ್ಡ ಸಮಸ್ಯೆಯಲ್ಲ, ಅಡ್ಡ ಬಂದದ್ದನ್ನು ಕ್ಯಾಮೆರಾಗಳು ಗುರುತಿಸಿ ನಿಲ್ಲಿಸುತ್ತವೆ. ಆದರೆ ನೇಗಿಲಿನ ಒಂದು ಗುಳಕ್ಕೆ ಕಸ ಕಟ್ಟಿಕೊಂಡು ಅದು ಮಣ್ಣನ್ನು ಬರಿದೇ ತಳ್ಳುತ್ತಿರುವುದು, ಬಿತ್ತನೆ ಕೂರಿಗೆಯ ಒಂದು ಕೊಳವೆ ಕಟ್ಟಿಕೊಂಡು ಬೀಜ ಬೀಳದಿರುವುದು, ಬೇರಿಂಗಿನ ಸದ್ದು ಬದಲಾಗಿರುವುದು, ಇವನ್ನು ಚಾಲಕ ಹಿಂದಿರುಗಿ ನೋಡಿಯೋ ಕೇಳಿಯೋ ತಿಳಿಯುತ್ತಿದ್ದ. ಈಗ ಪ್ರತಿಯೊಂದಕ್ಕೂ ಬೇರೆ ಬೇರೆ ಸೆನ್ಸರ್ ಜೋಡಿಸಬೇಕಾಗುತ್ತದೆ. ಹೀಗಾಗಿ ತಪ್ಪಾದರೂ ಮತ್ತೊಮ್ಮೆ ಹಾಯ್ದು ಸರಿಪಡಿಸಬಹುದಾದ ಉಳುಮೆಗೆ ಇಂಥ ಯಂತ್ರವನ್ನು ಮೊದಲು ಒಪ್ಪಬಹುದು, ಬಿತ್ತನೆಗೆ ಇನ್ನಷ್ಟು ಕಾಯುವುದು ಒಳ್ಳೆಯದು.